ಫಿಂಟನ್ ಕೊಟ್ಟ ಕೋಲು

ವನಜಮ್ಮನಿಗೆ ಬಾಯಿಗಿಂತ ಕೈ ಮುಂದು. ನಾನೇನೂ ಚಾಡಿ ಹೇಳುತ್ತಿಲ್ಲ, ಇದು ಅವರೇ ನಮ್ಮ ಹಿತ್ತಲಲ್ಲಿ ಕೂತು ನಗುತ್ತಾ ಒಪ್ಪಿಕೊಂಡ ಮಾತು. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಸು ಕಟ್ಟಿ, ಹಾಲು ಕರೆದು, ಮನೆಮನೆಗೆ ಹಾಕಿ, ಒಬ್ಬಳೇ ಮಗಳನ್ನು ಇಂಜಿನಿಯರ್ ಮಾಡಿದ ಹೆಂಗಸು ಅವರು. ಹಾಲಿಗೆ ನೀರು ಬೆರೆಸಿದ್ದೀಯ ಅಂದ ಗಿರಾಕಿಯ ಮುಖಕ್ಕೆ ಅದೇ ಹಾಲನ್ನು ಎರಚಿದ್ದರಂತೆ. ಮಗಳ ಹಿಂದೆ ಸೈಕಲ್ ತುಳಿದ ಹುಡುಗನೊಬ್ಬನಿಗೆ ಸಗಣಿ ಬುಟ್ಟಿಯಲ್ಲೇ ಬಾರಿಸಿದ್ದರಂತೆ. ಹೇಳುವಾಗ ಅವರ ಮುಖದಲ್ಲಿ ಒಂದಿಷ್ಟೂ ಪಶ್ಚಾತ್ತಾಪ ಇರುತ್ತಿರಲಿಲ್ಲ, ನನಗೆ ಅದೇ ಇಷ್ಟವಾಗುತ್ತಿತ್ತು.

ಗಂಡ ಸಿದ್ದಲಿಂಗಯ್ಯ ಕುಡಿದು ಬಂದು ಹೊಡೆಯುತ್ತಿದ್ದ. ಅದನ್ನು ಮಾತ್ರ ವನಜಮ್ಮ ವರ್ಷಗಟ್ಟಲೆ ಸಹಿಸಿಕೊಂಡರು. ಒಂದು ಸಂಜೆ ಅವನು ಕೊಟ್ಟಿಗೆಗೆ ನುಗ್ಗಿ, ತುಂಬು ಗಬ್ಬದಲ್ಲಿದ್ದ ಕೆಂದಿ ಎಂಬ ಕೆಂಪು ಹಸುವಿನ ಹೊಟ್ಟೆಗೆ ಒದ್ದ. ಇವರು ಒಲೆಯ ಪಕ್ಕದಲ್ಲಿದ್ದ ಸೌದೆ ತಂದು ಅವನ ಮುಂಗೈ ಮುರಿದರು. ಮೂಳೆ ಮುರಿದ ಸದ್ದು ಪಕ್ಕದ ಮನೆಗೂ ಕೇಳಿಸಿತಂತೆ.

"ನನ್ನ ಹೊಡೆದಾಗ ಸುಮ್ಕಿದ್ದೆ ಕಣವ್ವ ಅರ್ಪಿತಾ. ಆ ಮೂಕಪ್ರಾಣಿ ಮೇಲೆ ಕಾಲೆತ್ತಿದ್ನಲ್ಲ, ಅದಕ್ಕೆ ರೇಗೋಯ್ತು. ಹಸು ಮೇಲೆ ಕೈ ಮಾಡೋರ ಕೈ ಇರಬಾರ್ದು," ಅಂದರು.

ಆಸ್ಪತ್ರೆಯಲ್ಲಿ ಅವನು ಜಾರಿ ಬಿದ್ದೆ ಎಂದು ಹೇಳಿದ. ಆಮೇಲೆ ಸಾಯುವ ತನಕ ಹಸುವಿನ ಮೇಲಾಗಲಿ ಹೆಂಡತಿಯ ಮೇಲಾಗಲಿ ಕೈ ಎತ್ತಲಿಲ್ಲ. ಕೆಂದಿ ಕರು ಹಾಕಿತು, ಅದರ ಹಾಲಿನಲ್ಲೇ ಮಗಳು ಅಪೂರ್ವಾ ಓದು ಮುಗಿಸಿದಳು.

ಈ ವನಜಮ್ಮ ಕೊರೊನಾ ಬರುವ ಮುಂಚೆ ಮೂರು ತಿಂಗಳ ಮಟ್ಟಿಗೆಂದು ಐರ್ಲೆಂಡಿನ ಡಬ್ಲಿನ್ನಿಗೆ ಬಂದು, ವಿಮಾನಗಳು ನಿಂತು, ಅದರಂಚಿನ ನಮ್ಮ ಸಿಟಿವೆಸ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಅಪೂರ್ವಾಳ ಮನೆ ನಮ್ಮ ಮನೆಯ ಪಕ್ಕದ್ದೇ. ಅವಳೂ ಅವಳ ಗಂಡ ಮಯೂರನೂ ಮೇಲಿನ ಎರಡು ರೂಮುಗಳಲ್ಲಿ ಬಾಗಿಲು ಹಾಕಿಕೊಂಡು ದಿನವಿಡೀ ಆಫೀಸಿನ ಕಾಲ್‌ಗಳಲ್ಲಿರುತ್ತಿದ್ದರು. ಕೆಳಗೆ ವನಜಮ್ಮ, ಮೊಮ್ಮಗಳು ಇಂಚರ ಇಬ್ಬರೇ. ವಿಮಾನ ಮತ್ತೆ ಶುರುವಾದ ಮೇಲೂ ಅವರು ಹೋಗಲಿಲ್ಲ. ಮಗಳು ಬಿಡಲಿಲ್ಲ ಅನ್ನುತ್ತಿದ್ದರು. ನಿಜ ಸಂಗತಿ ಏನೆಂದರೆ ಮೊಮ್ಮಗಳನ್ನು ಬಿಟ್ಟಿರಲು ಅವರಿಗೇ ಆಗುತ್ತಿರಲಿಲ್ಲ.

ಇಂಚರಳಿಗೆ ಆಗ ಆರು ವರ್ಷ. ಇಲ್ಲೇ ಹುಟ್ಟಿದ ಮಗು. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಐರಿಷ್ ಮಕ್ಕಳ ರಾಗದಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿತ್ತು. ಒಬ್ಬರ ಭಾಷೆ ಒಬ್ಬರ ಬಾಯಲ್ಲಿ ಬಾರದಿದ್ದರೂ ಅಜ್ಜಿ ಮೊಮ್ಮಗಳಿಗೆ ಏನೂ ಕಡಿಮೆಯಾಗಿರಲಿಲ್ಲ. ಮಗು ಅಜ್ಜಿಯ ಕೈತುತ್ತೇ ತಿನ್ನಬೇಕು, ಅಜ್ಜಿಯ ಪಕ್ಕದಲ್ಲೇ ಮಲಗಬೇಕು, ಹೊರಗೆ ಹೊರಟರೆ ಅಜ್ಜಿಯ ಕೈಯನ್ನೇ ಹಿಡಿಯಬೇಕು. ಅಮ್ಮ ಕೈ ಚಾಚಿದರೆ ಕೊಡುತ್ತಿರಲಿಲ್ಲ. ಈ ದೇಶದಲ್ಲಿ ವನಜಮ್ಮನಿಗೆ ಬೀದಿ ಇರಲಿಲ್ಲ, ಹಸು ಇರಲಿಲ್ಲ, ಜಗಳಕ್ಕೊಂದು ಜನ ಇರಲಿಲ್ಲ. ನನ್ನದು ಅನ್ನುವುದಕ್ಕೆ ಇದ್ದದ್ದು ಆ ಪುಟ್ಟ ಕೈ ಒಂದೇ.

ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗಬಾರದು ಎಂದು ಸರ್ಕಾರ ಗೆರೆ ಎಳೆದ ಕಾಲ ಅದು. ಅಂಗಡಿ ಬಿಟ್ಟರೆ ನಡಿಗೆಯೊಂದೇ ಗತಿ. ನನ್ನ ಗಂಡ ದಿಲೀಪನಿಗೆ ಅದೊಂದು ಹುಚ್ಚಾಗಿ ಹಿಡಿಯಿತು. ಸಿಟಿವೆಸ್ಟಿನ ಆಫೀಸು ಕಟ್ಟಡಗಳ ಬೆನ್ನಿಗೇ ಬೆಟ್ಟದ ಸಾಲು, ಅದರ ಬುಡದಲ್ಲಿ ಒಂದು ಹಳೆಯ ಹಳ್ಳಿ, ಅಲ್ಲಿಂದ ಹೊಲಗಳ ನಡುವೆ ಮೇಲಕ್ಕೆ ಹೋಗುವ ದಾರಿಗಳು. ಪ್ರತಿಯೊಂದು ದಾರಿಯನ್ನೂ ಇವನು ತುಳಿದು ನೋಡಿ, ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ವರದಿ ಹಾಕುತ್ತಿದ್ದ. ತಳ್ಳುಗಾಡಿ ಹೋಗುತ್ತದೆಯೇ, ಕೆಸರು ಎಷ್ಟು, ಮಕ್ಕಳು ಅಳದೆ ಎಲ್ಲಿಯ ತನಕ ನಡೆಯುತ್ತಾರೆ, ಎಲ್ಲ. ಕೊನೆಗೆ ಫ್ಯಾಮಿಲಿ ಫ್ರೆಂಡ್ಲಿ ಎಂದೊಂದು ಮುದ್ರೆ. ಅವನ ಈ ಮುದ್ರೆ ನನಗೆ ಮೊದಲಿನಿಂದಲೂ ಮೈ ಉರಿಸುತ್ತಿತ್ತು. ದಾರಿಗೇನು ಗೊತ್ತು ಬರುತ್ತಿರುವವರು ಯಾರು ಎಂದು.

ಅವನಿಗೆ ಎಲ್ಲಕ್ಕಿಂತ ಮೆಚ್ಚಿನದು ಫಿಂಟನ್ ಎಂಬ ರೈತನ ಹೊಲದ ಪಕ್ಕದ ದಾರಿ. ಹಳ್ಳಿಯ ಸ್ಮಶಾನ ದಾಟಿ, ಮುಳ್ಳುಬೇಲಿಗಳ ನಡುವೆ ಏರಿ, ಒಂದು ಕಲ್ಲಿನ ಗೋಡೆಗೆ ಬಂದರೆ ಅಲ್ಲಿ ಹತ್ತಿಳಿಯಲು ಉದ್ದಕಲ್ಲು ಚಾಚಿ ಮಾಡಿದ ಮೆಟ್ಟಿಲು. ಪಕ್ಕದಲ್ಲಿ ಕಬ್ಬಿಣದ ಗೇಟು. ಆಚೆಗೆ ಫಿಂಟನ್ನನ ಹುಲ್ಲುಗಾವಲು, ಅದರ ಅಂಚಿಗೇ ಮುಂದಿನ ದಾರಿ. ನಾವು ಎರಡು ಮನೆಯವರು ವಾರಕ್ಕೆ ಎರಡು ಮೂರು ಬಾರಿಯಾದರೂ ಅಲ್ಲಿಗೆ ಹೋಗುತ್ತಿದ್ದೆವು.

ಆ ಮೆಟ್ಟಿಲಿನ ಕೆಳಗಿನ ಕಲ್ಲಿಗೆ ಇಂಚರ ಪ್ರತಿ ಸಲ ಎಡವುತ್ತಿದ್ದಳು. ಎಡವಿ ಬಿದ್ದು ಬಾಯಿ ತೆರೆಯುವುದಕ್ಕೆ ಮೊದಲೇ ವನಜಮ್ಮ ಕಲ್ಲಿಗೆ ಬಾರಿಸಲು ಶುರು. "ನನ್ ಕಂದನ್ನ ಬೀಳಿಸ್ತೀಯಾ? ನಿನ್ ಸೊಕ್ಕು ಮುರೀತೀನಿ ನೋಡು." ನಮ್ಮಲ್ಲಿ ಯಾವ ಅಜ್ಜಿ ಹೀಗೆ ನೆಲಕ್ಕೆ ಹೊಡೆದು ಮಗುವನ್ನು ಸಮಾಧಾನ ಮಾಡಿಲ್ಲ? ಆದರೆ ವನಜಮ್ಮನ ಹೊಡೆತ ತೋರಿಕೆಯದಲ್ಲ. ಕಲ್ಲಿಗೇ ನೋವಾಗಬೇಕು ಅನ್ನುವಂತೆ ಬಡಿಯುತ್ತಿದ್ದರು. ಮಗು ಅಳು ಮರೆತು ಕೇಕೆ ಹಾಕುತ್ತಿತ್ತು. "ಅಗೇನ್ ಅಜ್ಜಿ, ಅಗೇನ್."

ಮೊದಮೊದಲು ಅವರ ಕೈಯಲ್ಲಿದ್ದದ್ದು ಕಡ್ಡಿ ಮುರಿದ ಒಂದು ಛತ್ರಿ. ಒಂದು ದಿನ ಗೇಟಿನ ಹತ್ತಿರವಿದ್ದ ಫಿಂಟನ್ ಈ ಕಲ್ಲಿನ ಶಿಕ್ಷೆಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅರವತ್ತು ದಾಟಿದ ಒಂಟಿ ಆಳು, ಕೆಂಪು ಮುಖ. ಮರುವಾರ ನಮಗಾಗಿ ಕಾದಿದ್ದು, ದೂರ ನಿಂತೇ, ಬೇಲಿಯ ಕರಿಮುಳ್ಳಿನ ಗಿಡದಿಂದ ಕಡಿದು ತಾನೇ ಮಾಡಿದ ಕೋಲೊಂದನ್ನು ಗೇಟಿಗೆ ಒರಗಿಸಿ ಹಿಂದೆ ಸರಿದ. ಕರ್ರಗೆ, ತುದಿಯಲ್ಲಿ ಮುಷ್ಟಿಯಷ್ಟು ದಪ್ಪ ಗಂಟು. ವನಜಮ್ಮ ಎತ್ತಿ ತೂಗಿ ನೋಡಿ, "ಇದ್ರಲ್ಲಿ ಒಂದು ಬಿಟ್ರೆ ಹಲ್ಲು ಉದುರ್ತವೆ," ಎಂದು ಮೆಚ್ಚಿದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಫಿಂಟನ್, ಅದು ಇರುವುದೇ ಅದಕ್ಕೆ ಅಂದ.

ಆ ಹುಲ್ಲುಗಾವಲಿನಲ್ಲಿ ಒಂದು ಕೆಂಪು ಹಸುವಿತ್ತು. ನೋಡಿದ ಮೊದಲ ದಿನವೇ ವನಜಮ್ಮ ಅದಕ್ಕೆ ಕೆಂದಿ ಎಂದು ಹೆಸರಿಟ್ಟರು. ಗೇಟಿನ ಈಚೆಯಿಂದಲೇ ಕರೆದು ಮಾತಾಡುತ್ತಿದ್ದರು. ಅದು ದೂರದಿಂದ ತಲೆ ಎತ್ತಿ ನೋಡುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಅದು ಕರು ಹಾಕಿತು. ಆಗ ಫಿಂಟನ್ ದಿಲೀಪನಿಗೆ ಬಿಡಿಸಿ ಹೇಳಿದ. ಇವು ಮಾಂಸಕ್ಕೆ ಸಾಕುವ ತಳಿ, ಹಾಲು ಕರೆಯುವವರಿಲ್ಲ, ಮನುಷ್ಯರ ಕೈ ಇವುಗಳ ಮೈ ಸೋಕಿರುವುದಿಲ್ಲ. ಕರು ಇರುವಾಗ ನಾನೂ ಒಬ್ಬನೇ ಒಳಗೆ ಹೋಗುವುದಿಲ್ಲ, ನೀವು ಗೇಟಿನ ತನಕ ಬಂದು ಬಂದ ದಾರಿಯಲ್ಲೇ ಹಿಂತಿರುಗಿ ಅಂದ.

ದಿಲೀಪ ಆ ಮಾತನ್ನು ಎಲ್ಲರ ಮುಂದೆ ಕನ್ನಡದಲ್ಲೇ ಹೇಳಿದ. ವನಜಮ್ಮ ಕೈ ಬೀಸಿಬಿಟ್ಟರು.

"ಹಸು ಏನ್ ಮಾಡ್ತದಪ್ಪ? ನಾನು ಮೂವತ್ತು ವರ್ಷ ಅವುಗಳ ಕಾಲ ಕೆಳಗೇ ಕೂತು ಹಾಲು ಕರೆದೋಳು. ಮೊದಲನೇ ಸೂಲಿನ ಕಡಸು ಒಂದೆರಡು ಸಲ ಒದೀತದೆ, ಅಷ್ಟೇಯ."

ಅವರು ಹೇಳಿದ್ದು ಸುಳ್ಳಲ್ಲ. ದಿನಕ್ಕೆ ಎರಡು ಹೊತ್ತು ಕೆಚ್ಚಲು ಮುಟ್ಟಿಸಿಕೊಂಡ, ಹೆಸರು ಕೂಗಿದರೆ ಬರುವ, ಬೀದಿಯಲ್ಲಿ ಮಲಗಿ ಆಟೋಗಳಿಗೆ ದಾರಿ ಬಿಡದ ಹಸುಗಳ ಮಟ್ಟಿಗೆ ಅದು ನಿಜ. ನಾವೆಲ್ಲ ಕಂಡದ್ದೂ ಅವನ್ನೇ. ಹಸು ಹಾಯುತ್ತದೆ ಎಂಬುದು ನಮ್ಮ ತಲೆಯೊಳಗೆ ಇಳಿಯುವ ಮಾತೇ ಆಗಿರಲಿಲ್ಲ.

ನವೆಂಬರಿನಲ್ಲಿ ದೀಪಾವಳಿ ಬಂತು. ಯಾರೂ ಯಾರ ಮನೆಗೂ ಹೋಗುವಂತಿಲ್ಲ. ಬಲಿಪಾಡ್ಯಮಿಯ ದಿನ ಗೋಪೂಜೆ ಮಾಡದೆ ತನ್ನ ಜನ್ಮದಲ್ಲಿ ಅನ್ನ ಉಂಡಿಲ್ಲ ಎಂದು ವನಜಮ್ಮ ಹಟ ಹಿಡಿದರು. ಇಂಚರ ಗೋಪೂಜೆ ನೋಡಿಯೇ ಇಲ್ಲವಲ್ಲ ಎಂದು ಅಪೂರ್ವಾಳಿಗೂ ಆಸೆಯಾಯಿತು. ದಿಲೀಪ ಉಪಾಯ ಹೇಳಿದ.

"ಗೇಟ್ ಹೊರಗಡೆಯಿಂದಾನೇ ಆರತಿ ಎತ್ತಿ, ಬಾಳೆಹಣ್ಣು ಒಳಗೆ ಹಾಕಿ ಬಂದ್ಬಿಡೋಣ. ಎಲ್ಲಾ ಗ್ರ್ಯಾಂಡ್ ಆಗಿರತ್ತೆ." ಚೆನ್ನಾಗಿದೆ ಅನ್ನುವುದಕ್ಕೆಲ್ಲ ಇಲ್ಲಿಯವರು ಆಡುವ ಮಾತು ಅದು, ಅವನ ಬಾಯಿಗೂ ಹತ್ತಿತ್ತು.

ಸೋಮವಾರ ಇಂಚರಳ ಸ್ಕೂಲು ಬಿಟ್ಟ ಮೇಲೆ ಹೊರಟೆವು. ಮಯೂರನಿಗೆ ಬಿಡಲಾರದ ಮೀಟಿಂಗು, ಅವನು ಬರಲಿಲ್ಲ. ವನಜಮ್ಮ ಒಂದು ಸ್ಟೀಲ್ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಬಾಳೆಹಣ್ಣು, ಬೆಲ್ಲ ಇಟ್ಟುಕೊಂಡಿದ್ದರು. ಸೂಪರ್ ಮಾರ್ಕೆಟ್ಟಿನ ಹೂಗಳನ್ನು ಬಿಡಿಸಿ ಕಟ್ಟಿದ ಹಾರ ಇಂಚರಳ ಕೊರಳಲ್ಲಿತ್ತು. ಹಸುವಿಗೆ ಕೊಡುವ ತನಕ ನಾನೇ ಹಾಕಿಕೊಳ್ಳುತ್ತೇನೆ ಎಂದು ಹಟ ಮಾಡಿ ಹಾಕಿಸಿಕೊಂಡಿದ್ದಳು.

ಆ ವರ್ಷ ನೆಲ ಇನ್ನೂ ಗಟ್ಟಿಯಿದ್ದುದರಿಂದ ಚಳಿಗಾಲಕ್ಕೆಂದು ಹಸುಗಳನ್ನು ಕೊಟ್ಟಿಗೆಗೆ ಸೇರಿಸಿರಲಿಲ್ಲ. ನಾವು ಗೇಟಿಗೆ ಬಂದಾಗ ಕೆಂಪು ಹಸು ಹುಲ್ಲುಗಾವಲಿನ ಆ ತುದಿಯಲ್ಲಿತ್ತು. ಕರು ಮಾತ್ರ ಇತ್ತ ಗೋಡೆಯ ಮಗ್ಗುಲಲ್ಲೇ, ಮೆಟ್ಟಿಲಿಗೆ ಹತ್ತಿರದಲ್ಲಿ, ಹುಲ್ಲಿನಲ್ಲಿ ಮುದುರಿ ಮಲಗಿತ್ತು. ಅಪೂರ್ವಾ ಬೆಂಕಿಪೊಟ್ಟಣ ಹುಡುಕುತ್ತಿದ್ದಳು. ನಾನು ಗಾಳಿಗೆ ಅಡ್ಡ ನಿಂತಿದ್ದೆ. ದಿಲೀಪ ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದ.

ಅಷ್ಟರಲ್ಲಿ ವನಜಮ್ಮ ಮೆಟ್ಟಿಲು ಹತ್ತಿ ಆಚೆ ಇಳಿದಿದ್ದರು. ಒಂದು ಕಂಕುಳಲ್ಲಿ ಕೋಲು, ಆ ಕೈಯಲ್ಲೇ ತಟ್ಟೆ, ಇನ್ನೊಂದು ಕೈಯಲ್ಲಿ ಮೊಮ್ಮಗಳು.

"ಅಮ್ಮಾ, ಬೇಡ, ವಾಪಸ್ ಬನ್ನಿ," ಎಂದು ದಿಲೀಪ ಕೂಗಿದ.

"ಕರು ಹಣೆಗೊಂಚೂರು ಕುಂಕುಮ ಇಟ್ಟು ಬಂದೆ ಕಣಪ್ಪ," ಎಂದು ಅವರು ತಿರುಗಿಯೂ ನೋಡದೆ ಅಂದರು.

ಕುಂಕುಮದ ಬೆರಳು ಹಣೆಗೆ ತಾಕಿದ್ದೇ ತಡ, ಕರು ಬೆಚ್ಚಿ ಎದ್ದು ಅರಚಿತು. ಅಂಥ ದನಿ ನಾನು ಕರುವಿನ ಬಾಯಲ್ಲಿ ಕೇಳಿರಲಿಲ್ಲ. ಹುಲ್ಲುಗಾವಲಿನ ಆ ತುದಿಯಿಂದ ಹಸು ಓಡಿ ಬಂತು. ಹಸು ಅಷ್ಟು ಜೋರಾಗಿ ಓಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ನೆಲ ದಡದಡ ಅಂದದ್ದು ಗೇಟಿನ ಕಬ್ಬಿಣಕ್ಕೆ ಹತ್ತಿ ನನ್ನ ಅಂಗೈಗೆ ತಿಳಿಯಿತು. ವನಜಮ್ಮ ಓಡಲಿಲ್ಲ. ಎದುರಿಗೆ ಕೈ ಚಾಚಿ, "ಬಾ ಕೆಂದಿ, ಬಾ ತಾಯಿ," ಅಂದರು. ಕೊನೆಯ ಗಳಿಗೆಯ ತನಕ ಅವರು ಅದನ್ನೇ ಅನ್ನುತ್ತಿದ್ದರು.

ಅದು ತಲೆ ತಗ್ಗಿಸಿ ಅವರ ಎದೆಗೆ ಗುದ್ದಿತು. ತಟ್ಟೆ ಹಾರಿತು. ಅವರು ಗೋಡೆಗೆ ಹೋಗಿ ಬಡಿದು ಕೆಳಗೆ ಬಿದ್ದರು. ಹಸು ಅವರನ್ನು ಬಿಟ್ಟು ಮಗುವಿನ ಕಡೆ ತಿರುಗಿತು. ಹಣೆಯಿಂದ ಒತ್ತಿ ನೆಲಕ್ಕೆ ಕೆಡವಿ, ಮುಂಗಾಲು ಮಡಿಸಿ, ತನ್ನ ಇಡೀ ಭಾರ ತಲೆಗೆ ತಂದು, ಮಗುವನ್ನು ಹುಲ್ಲಿನಲ್ಲಿ ರೊಟ್ಟಿ ಹಿಟ್ಟಿನಂತೆ ಒತ್ತಿ ಹೊರಳಿಸತೊಡಗಿತು. ಇಂಚರ ಒಂದು ಸಲ ಕಿರುಚಿದಳು. ಮತ್ತೆ ದನಿ ಬರಲಿಲ್ಲ. ಅಪೂರ್ವಾ ಗೇಟಿನ ಚಿಲಕ ಎಳೆಯುತ್ತಿದ್ದಳು, ಅದಕ್ಕೆ ಸರಪಳಿ ಬಿಗಿದಿತ್ತು.

ವನಜಮ್ಮ ಎದ್ದರು. ಪಕ್ಕೆಲುಬು ಮುರಿದಿದ್ದವು ಎಂದು ಆಮೇಲೆ ಡಾಕ್ಟರು ಹೇಳಿದರು, ಹೇಗೆ ಎದ್ದರೋ ನನಗೆ ಇವತ್ತಿಗೂ ತಿಳಿಯದು. ಎರಡೂ ಕೈಯಲ್ಲಿ ಕೋಲೆತ್ತಿ ಗಂಟಿನ ಕಡೆಯಿಂದ ಹಸುವಿನ ಮುಖಕ್ಕೆ ಹೊಡೆದರು. ಮೂಗಿನ ಮೇಲೆ, ಹಣೆಯ ಮೇಲೆ, ಮತ್ತೆ ಮೂಗಿನ ಮೇಲೆ. ಹಸು ಬಿಡಲಿಲ್ಲ. ಆಗ ಕಣ್ಣಿಗೆ ಹೊಡೆದರು. ಕಣ್ಣು ಒಡೆದು ನೀರೂ ರಕ್ತವೂ ಅವರ ಮುಖಕ್ಕೇ ಸಿಡಿಯಿತು. ಹಸು ಗೋಳಿಟ್ಟು ತಲೆ ಎತ್ತಿತು. ನಾನು ಗೇಟಿನ ಕೆಳಗಿನ ಸಂದಿಯಲ್ಲಿ ತೂರಿ ಇಂಚರಳ ಜಾಕೆಟ್ ಹಿಡಿದು ಈಚೆಗೆ ಎಳೆದುಕೊಂಡೆ. ಉಸಿರಿತ್ತು. ಒಂದು ಕಾಲು ತಿರುಗಬಾರದ ಕಡೆ ತಿರುಗಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಗು ಗೇಟಿನ ಈಚೆಗೆ ಬಂದದ್ದನ್ನು ನೋಡಿದ ಮೇಲೂ ವನಜಮ್ಮ ನಿಲ್ಲಿಸಲಿಲ್ಲ. ಹಸು ಒಂದು ಕಣ್ಣು ಕಾಣದೆ ಗೋಡೆಗೆ ಡಿಕ್ಕಿ ಹೊಡೆದು, ತಿರುಗಿ, ಕರುವಿನ ಕಡೆ ಹೋಗಲು ನೋಡುತ್ತಿತ್ತು. ಇವರು ಅಡ್ಡ ಹೋಗಿ ಹೊಡೆದರು. ದವಡೆ ಮುರಿದ ಸದ್ದು ಕೇಳಿಸಿತು. ಸಿದ್ದಲಿಂಗಯ್ಯನಿಗೆ ಬೈಯುವುದಕ್ಕೆ ಕೂಡಿಟ್ಟುಕೊಂಡು ಎಂದೂ ಬೈಯದೆ ಉಳಿದಿದ್ದ ಮಾತುಗಳೆಲ್ಲ ಅವರ ಬಾಯಲ್ಲಿ ಬರುತ್ತಿದ್ದವು, ಅವನ್ನು ಬರೆಯಲು ನನಗೆ ನಾಚಿಕೆ. ತಟ್ಟೆಯಿಂದ ಸಿಡಿದ ಕುಂಕುಮ ಕರಗಿ, ಹಸುವಿನ ರಕ್ತ ಬೆರೆತು, ಹಲ್ಲು ಕಚ್ಚಿದ ಆ ಮುಖ ನಮ್ಮ ಪಕ್ಕದ ಮನೆಯವರದ್ದಾಗಿರಲಿಲ್ಲ. ನನ್ನ ತೊಡೆಯ ಮೇಲೆ ಕಣ್ಣು ಬಿಟ್ಟ ಇಂಚರ ಕಬ್ಬಿಣದ ಸರಳುಗಳ ನಡುವೆ ಅದನ್ನು ನೋಡುತ್ತಿದ್ದಳು.

"ಸ್ಟಾಪ್ ಅಜ್ಜಿ," ಅಂದಳು. "ಸ್ಟಾಪ್. ಸ್ಟಾಪ್."

ಗೋಡೆ ಹಾರಿದ ದಿಲೀಪ ಹಿಂದಿನಿಂದ ತಬ್ಬಿ ಹಿಡಿದಾಗ ವನಜಮ್ಮ ಅವನಿಗೂ ಒಂದು ಬಿಟ್ಟರು. ಫಿಂಟನ್ ನಾಯಿ ಸಮೇತ ಓಡಿ ಬಂದು ಹಸುವನ್ನು ದೂರ ಅಟ್ಟಿದ ಮೇಲೇ ಅವರು ಕೋಲು ಬಿಟ್ಟು ಕುಸಿದದ್ದು.

ಆಂಬ್ಯುಲೆನ್ಸುಗಳು ಎರಡು ಬಂದವು. ಮಗುವನ್ನು ಮಕ್ಕಳಾಸ್ಪತ್ರೆಗೆ, ಅಜ್ಜಿಯನ್ನು ದೊಡ್ಡಾಸ್ಪತ್ರೆಗೆ ಒಯ್ದರು. ಕೊರೊನಾ ಕಾಲ, ಮಗುವಿನ ಜೊತೆಗೆ ಒಬ್ಬರಿಗಷ್ಟೇ ಪ್ರವೇಶ, ಅಜ್ಜಿಯ ಹತ್ತಿರ ಯಾರನ್ನೂ ಬಿಡಲಿಲ್ಲ. ಇಂಗ್ಲಿಷ್ ಬಾರದ ವನಜಮ್ಮ ಮುಖಕ್ಕೆ ಮಾಸ್ಕ್ ಹಾಕಿದ ನರ್ಸುಗಳಿಗೆಲ್ಲ "ಮಗು, ಮಗು" ಎಂದು ಒಂದೇ ಮಾತು ಹೇಳುತ್ತಾ ಮಲಗಿದ್ದರಂತೆ. ನಾನು ಮನೆಯಲ್ಲಿ ದಿಲೀಪನನ್ನು ಬಾಯಿಗೆ ಬಂದಂತೆ ಬೈದೆ. ಹಣೆಯ ಮೇಲೆ ವನಜಮ್ಮ ಕೊಟ್ಟ ಬೋರೆ ಇಟ್ಟುಕೊಂಡು ಅವನು ಆ ದಾರಿಯ ವರದಿಯನ್ನು ಗುಂಪಿನಿಂದ ಅಳಿಸಿದ.

ಇಬ್ಬರೂ ಮನೆಗೆ ಬಂದರು. ಇಂಚರಳ ಕಾಲಿಗೆ ಪ್ಲಾಸ್ಟರ್, ವನಜಮ್ಮನ ಎದೆಯ ಸುತ್ತ ಪಟ್ಟಿ. ಒಂದು ಬೆಳಿಗ್ಗೆ ಫಿಂಟನ್ ಬಂದು ಅವರ ಮನೆಯ ಮುಂದಿನ ಕಾಂಪೌಂಡಿನಾಚೆ ನಿಂತ. ತೊಳೆದು ಒರೆಸಿದ ಕೋಲು ಅವನ ಕೈಯಲ್ಲಿತ್ತು. ನಾನೂ ಹೊರಗೆ ಬಂದೆ. ದವಡೆ ಮುರಿದದ್ದರಿಂದ ಹಸುವಿಗೆ ಮೇಯಲಾಗಲಿಲ್ಲ, ಪಶುವೈದ್ಯರು ಬಂದು ಗುಂಡು ಹೊಡೆದು ಮುಗಿಸಿದರು, ಕರುವಿಗೆ ನಾನೇ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದೇನೆ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಅಜ್ಜಿ ಇಲ್ಲದಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ಹೇಳಿ ಕೋಲನ್ನು ಕಾಂಪೌಂಡಿಗೆ ಒರಗಿಸಿದ. ಅದನ್ನೇಕೆ ತಂದನೋ ಎಂದು ನನಗೆ ಕೆಂಡದಂಥ ಕೋಪ ಬಂತು. ಅವನ ಪಾಲಿಗೆ ಅದು ಒಬ್ಬರ ವಸ್ತುವನ್ನು ಅವರಿಗೆ ಮುಟ್ಟಿಸುವ ಮರ್ಯಾದೆ, ಅಷ್ಟೇ.

ಅಪೂರ್ವಾ ಹೇಳಲೋ ಬೇಡವೋ ಎಂದು ತಡವರಿಸಿ ಕೊನೆಗೆ ಅಮ್ಮನಿಗೆ ಹೇಳಿದಳು.

"ಗೋಹತ್ಯೆ ನನ್ ತಲೆಗೆ ಬಂತು," ಅಂದರು. "ಬರ್ಲಿ. ನನ್ ಮಗೀನ ಮೇಲೆ ಬಂದ್ರೆ ಇನ್ನೊಂದ್ಸಲಾನೂ ಹೊಡೀತೀನಿ. ದೇವ್ರೇ ಬಂದ್ರೂ ಹೊಡೀತೀನಿ."

ಆ ಮಾತು ಹೇಳಿದ ಹೆಂಗಸನ್ನು ಮುರಿದದ್ದು ಹಸುವಿನ ಸಾವಲ್ಲ. ಇಂಚರ ಅಜ್ಜಿಯ ಹತ್ತಿರ ಬರುವುದನ್ನು ಬಿಟ್ಟಳು. ತುತ್ತು ಹಿಡಿದರೆ ಬಾಯಿ ತೆರೆಯುತ್ತಿರಲಿಲ್ಲ. ಅಜ್ಜಿ ಸೋಫಾದ ಈ ಕೊನೆಗೆ ಕೂತರೆ ಪ್ಲಾಸ್ಟರ್ ಕಾಲು ಎಳೆದುಕೊಂಡು ಆ ಕೊನೆಗೆ ಸರಿಯುತ್ತಿದ್ದಳು. ಮಲಗುವುದು ಅಮ್ಮನ ಜೊತೆಗೆ. ಕನಸಿನಲ್ಲಿ ಬೆಚ್ಚಿ ಎದ್ದಾಗ ಹಸು ಕಂಡಿತಾ ಎಂದು ಅಪೂರ್ವಾ ಕೇಳಿದರೆ ಇಲ್ಲ ಎಂದು ತಲೆಯಾಡಿಸುತ್ತಿದ್ದಳಂತೆ.

"ಅಜ್ಜಿ ಡಿಡ್ನ್ಟ್ ಸ್ಟಾಪ್," ಅನ್ನುತ್ತಿದ್ದಳಂತೆ. ಅಷ್ಟೇ ಮಾತು.

ವನಜಮ್ಮನಿಗೆ ಆ ಇಂಗ್ಲಿಷಿನ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ. ಕಾಂಪೌಂಡಿನ ಹತ್ತಿರ ನನ್ನನ್ನು ಕರೆದು ತಮ್ಮ ಎರಡೂ ಅಂಗೈ ತೋರಿಸಿದರು. "ಇವನ್ನ ನೋಡಿದ್ರೆ ಹೆದರ್ತಾಳೆ ಕಣವ್ವ. ಇದೇ ಕೈಯಲ್ಲಿ ತಾನೇ ಅವಳ್ನ ಉಳಿಸ್ಕೊಂಡಿದ್ದು? ಗಂಡ ಹೊಡೆದಾಗ ಅಳ್ಲಿಲ್ಲ ನಾನು," ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಮಗುವಿನ ಮೇಲೆ ಸಿಟ್ಟು ಬಂತು. ಆರು ವರ್ಷದ ಮಗುವಿನ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡುವುದು.

ಊರಿಗೆ ಹೋಗಿಬಿಡುತ್ತೇನೆ ಎಂದು ವನಜಮ್ಮ ಮಾರ್ಚಿಗೆ ಟಿಕೆಟ್ ತೆಗೆಸಿದರು. ಈ ಬಾರಿ ಅಪೂರ್ವಾ ಬೇಡ ಅನ್ನಲಿಲ್ಲ.

ಕ್ರಿಸ್ಮಸ್ ಆದ ಮೇಲೆ ಮತ್ತೆ ಲಾಕ್‌ಡೌನ್, ಮತ್ತೆ ಅದೇ ಐದು ಕಿಲೋಮೀಟರ್. ಫೆಬ್ರವರಿಯಲ್ಲಿ ಪ್ಲಾಸ್ಟರ್ ಬಿಚ್ಚಿ, ಕಾಲು ಪಳಗಿದ ಮೇಲೆ ಇಂಚರ ಮೊದಲು ಕೇಳಿದ್ದು ಕರುವನ್ನು ನೋಡಬೇಕು ಎಂದು. ಫಿಂಟನ್ನನಿಗೆ ಫೋನ್ ಮಾಡಿದರೆ ಕರು ಕೊಟ್ಟಿಗೆಯಲ್ಲಿದೆ, ಹುಲ್ಲುಗಾವಲಿನಲ್ಲಿ ಒಂದೇ ಒಂದು ದನವಿಲ್ಲ, ಕರೆದುಕೊಂಡು ಬನ್ನಿ ಅಂದ.

ಒಂದು ಶನಿವಾರ ಹೊರಟೆವು. ಇಂಚರ ಅಮ್ಮನ ಕೈ ಹಿಡಿದು ಮುಂದೆ. ನಾನೂ ದಿಲೀಪನೂ ನಡುವೆ. ವನಜಮ್ಮ ಎಲ್ಲರಿಗಿಂತ ಹಿಂದೆ, ಮಗುವಿನ ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಅದೇ ಕೋಲೂರಿಕೊಂಡು. ಏರು ಹತ್ತುವಾಗ ಪಕ್ಕೆ ಇನ್ನೂ ಹಿಡಿಯುತ್ತಿತ್ತು, ಕೋಲಿಲ್ಲದೆ ಅವರಿಗೆ ಆಗುತ್ತಿರಲಿಲ್ಲ. ಸ್ಮಶಾನದ ಗೋಡೆಯ ಮೇಲೆ ಕೂತಿದ್ದ ಹಳ್ಳಿಯ ಮುದುಕನೊಬ್ಬ ಕೈಯೆತ್ತಿ ನಮಸ್ಕರಿಸಿ, ಗ್ರ್ಯಾಂಡ್ ಡೇ ಅಂದ.

ಮೆಟ್ಟಿಲ ಹತ್ತಿರ ಬಂದೆವು. ಅಪೂರ್ವಾ ಮೊದಲು ಹತ್ತಿ ಆಚೆಯಿಂದ ಕೈ ಚಾಚಿದಳು. ಇಂಚರ ಕಾಲಿಟ್ಟಳು, ಆ ಕೆಳಗಿನ ಕಲ್ಲಿಗೆ ಎಡವಿದಳು, ಮುಗ್ಗರಿಸಿದಳು. ವಾಸಿಯಾದ ಕಾಲಿನ ಮಂಡಿಯೇ ತರಚಿ ರಕ್ತ ಬಂತು. ಅವಳು ಬಾಯಿ ತೆರೆದಳು.

ನಾನು ತಿರುಗುವಷ್ಟರಲ್ಲಿ ವನಜಮ್ಮ ನಮ್ಮನ್ನೆಲ್ಲ ದಾಟಿ ಬಂದಿದ್ದರು. ಅವರು ಯೋಚಿಸಿ ಮಾಡಿದ್ದಲ್ಲ. ಜನ್ಮದ ಅಭ್ಯಾಸ. ಕೋಲು ತಲೆಯ ಮೇಲಕ್ಕೆ ಹೋಯಿತು. "ನನ್ ಕಂದನ್ನ ಬೀಳಿಸ್ತೀಯಾ," ಎಂದು ಅರ್ಧ ಆಡಿದ್ದರು.

ಇಂಚರ ಕಲ್ಲಿನ ಮೇಲೆ ಬೋರಲು ಬಿದ್ದಳು. ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡು, ಏಟು ತನ್ನ ಬೆನ್ನಿಗೇ ಬೀಳಲಿ ಅನ್ನುವಂತೆ ಮುಚ್ಚಿಕೊಂಡಳು.

"ಹೊಡೀಬೇಡ ಅಜ್ಜಿ," ಅಂದಳು. "ಅದು ಬೇಕೂಂತ ಮಾಡಿಲ್ಲ. ಹೊಡೀಬೇಡ."

ಅವಳ ಬಾಯಲ್ಲಿ ಕನ್ನಡದ ಒಂದು ಇಡೀ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿಗೆ ಅರ್ಥವಾಗದೆ ಹೋದೀತು ಎಂಬ ಭಯಕ್ಕೆ ಅದು ಬಂದಿತ್ತು.

ಎತ್ತಿದ ಕೋಲು ಹಾಗೇ ನಿಂತಿತು. ಅಜ್ಜಿ ನಿಲ್ಲಿಸಿದ್ದಾರೆಯೇ ಎಂದು ಮಗು ತೋಳಿನ ಸಂದಿಯಿಂದ ಒಂದು ಕಣ್ಣು ಬಿಟ್ಟು ನೋಡಿತು. ಅವರು ಕೋಲನ್ನು ಕೆಳಗಿಳಿಸಿ, ಮಂಡಿಗೆ ಅಡ್ಡ ಹಿಡಿದು ಮುರಿಯಲು ನೋಡಿದರು. ಅದು ಬಾಗಲೂ ಇಲ್ಲ, ಅವರ ಪಕ್ಕೆ ಮಾತ್ರ ಹಿಡಿದುಕೊಂಡಿತು. ಕೊನೆಗೆ ಹಾಗೇ ಬೀಸಿ ಮುಳ್ಳುಬೇಲಿಯ ಒಳಕ್ಕೆ ಎಸೆದರು. ಎಸೆದು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟರು.

"ಇಲ್ಲ ಕಂದ, ಹೊಡಿಯಲ್ಲ," ಅಂದರು. "ಯಾರ್ನೂ ಹೊಡಿಯಲ್ಲ."

ಇಂಚರ ಎದ್ದಳು. ಕಲ್ಲನ್ನು ಒಂದೆರಡು ಸಲ ಸವರಿದಳು, ಆಮೇಲೆ ಕುಂಟುತ್ತಾ ಅಜ್ಜಿಯ ಮುಂದೆ ಬಂದು ನಿಂತಳು. ಅಜ್ಜಿಯ ಬಲಗೈ ಎತ್ತಿ ಅಂಗೈ ನೋಡಿದಳು, ತಿರುಗಿಸಿ ಹಿಂಗೈ ನೋಡಿದಳು. ಎಡಗೈಯನ್ನೂ ಹಾಗೇ ನೋಡಿದಳು. ಎರಡೂ ಖಾಲಿಯಿವೆ ಎಂದು ಖಾತ್ರಿಯಾದ ಮೇಲೆ ಒಂದನ್ನು ಹಿಡಿದುಕೊಂಡು ಎಳೆದಳು.

ಕೋಲಿಲ್ಲದ ವನಜಮ್ಮ ಆ ಆರು ವರ್ಷದ ಹೆಗಲಿನ ಮೇಲೆ ಭಾರ ಬಿಟ್ಟು ಎದ್ದರು. ಕೊಟ್ಟಿಗೆಯ ಕಡೆಯಿಂದ 'ಅಂಬಾ' ಎಂಬ ಕೂಗು ಕೇಳಿ ಅವರ ಕಾಲು ತಡೆಯಿತು. ಮಗು ಕೈ ಬಿಡಲಿಲ್ಲ. ಇಬ್ಬರೂ ಮೆಟ್ಟಿಲು ಹತ್ತಿ ಇಳಿದು, ಕರುವಿದ್ದ ಕಡೆಗೆ ನಡೆದರು.